ಮೂರು ಬೋಗಿಯ ರೈಲು, ಆರು ಬೋಗಿಯ ಪ್ಲಾಟ್‌ಫಾರ್ಮ್

ಬೆಂಗಳೂರಿನ ಮಲ್ಲೇಶ್ವರದ ಸಂಪಿಗೆ ರಸ್ತೆಯ ತುದಿಯಲ್ಲಿ, ಮಂತ್ರಿ ಮಾಲ್ ಪಕ್ಕದ ಮೆಟ್ರೊ ನಿಲ್ದಾಣ ಶುರುವಾದದ್ದು 2014ರ ಮಾರ್ಚ್ 1ರಂದು. ಆಗ ಹಸಿರು ಮಾರ್ಗಕ್ಕೆ ಅದೇ ಕೊನೆ. ಪೀಣ್ಯದ ಕಡೆಯಿಂದ ಬಂದ ರೈಲು ಇಲ್ಲಿ ಜನರನ್ನು ಇಳಿಸಿ ಬಂದ ದಾರಿಯಲ್ಲೇ ಹಿಂದಿರುಗುತ್ತಿತ್ತು. ಎಂಟನೇ ಕ್ರಾಸಿಗೆ ಹೂವು, ಹಣ್ಣು ಕೊಳ್ಳಲು ಬರುವವರಿಗೆ ಅಷ್ಟೇ ಸಾಕಿತ್ತು. ಮೆಜೆಸ್ಟಿಕ್ಕಿಗೆ ಹೋಗಬೇಕಾದವರು ಮೆಟ್ಟಿಲಿಳಿದು ಬಸ್ಸಿಗೆ ಕಾಯಬೇಕಿತ್ತು. ಸುರಂಗ ಮುಗಿದು ರೈಲು ಮೆಜೆಸ್ಟಿಕ್ ದಾಟಿ ಯಲಚೇನಹಳ್ಳಿಯವರೆಗೆ ಹೋದದ್ದು 2017ರ ಜೂನ್‌ನಲ್ಲಿ. ಆಗಲೂ ಓಡುತ್ತಿದ್ದದ್ದು ಮೂರು ಬೋಗಿಯ ರೈಲು. ಪ್ಲಾಟ್‌ಫಾರ್ಮ್ ಕಟ್ಟಿದ್ದು ಆರು ಬೋಗಿಗೆ. ರೈಲು ಬಂದು ನಿಂತಾಗಲೂ ಅರ್ಧ ಪ್ಲಾಟ್‌ಫಾರ್ಮ್ ಬರಿದು. ನಮ್ಮ ಮೆಟ್ರೊಗೆ ಆರು ಬೋಗಿಯ ಮೊದಲ ರೈಲು ಬಂದದ್ದು 2018ರ ಜೂನ್‌ನಲ್ಲಿ.

ಸಾಫ್ಟ್‌ವೇರ್ ಲೋಕದ ಹಳೆಯ ಜಗಳವೊಂದಕ್ಕೆ ಆ ಖಾಲಿ ಅರ್ಧದಲ್ಲಿ ಉತ್ತರವಿದೆ ಎಂಬುದು ನನ್ನ ವಾದ.

ಜಗಳ ಎಂಟರ್‌ಪ್ರೈಸ್ ಆರ್ಕಿಟೆಕ್ಚರ್‌ನದು. ಹೆಸರು ಭಾರಿಯಾದರೂ ಕೆಲಸ ಅರ್ಥವಾಗುವಂಥದ್ದೇ. ಒಂದು ಬ್ಯಾಂಕ್ ಎನ್ನಿ. ಉಳಿತಾಯ ಖಾತೆಗೆ ಒಂದು ಸಾಫ್ಟ್‌ವೇರ್, ಸಾಲಕ್ಕೆ ಇನ್ನೊಂದು, ಮೊಬೈಲ್ ಆ್ಯಪ್‌ಗೆ ಮತ್ತೊಂದು; ಒಂದೊಂದೂ ಒಂದೊಂದು ಕಾಲದಲ್ಲಿ ಬಂದದ್ದು. ಗ್ರಾಹಕರ ವಿಳಾಸ ಮೂರರಲ್ಲೂ ಇದೆ, ಮೂರರಲ್ಲೂ ಬೇರೆ ಬೇರೆ. ಯಾವ ಮಾಹಿತಿ ಎಲ್ಲಿರಬೇಕು, ಯಾವುದು ಯಾವುದರೊಡನೆ ಹೇಗೆ ಮಾತಾಡಬೇಕು, ಹಳೆಯದನ್ನು ಯಾವಾಗ ಕಳಚಬೇಕು ಎಂದು ಇಡೀ ಸಂಸ್ಥೆಯನ್ನು ಒಟ್ಟಿಗೆ ನೋಡಿ ಹೇಳುವವರು ಆರ್ಕಿಟೆಕ್ಟ್‌ಗಳು. ಐಬಿಎಂನ ಜಾನ್ ಝಾಕ್‌ಮನ್ 1987ರಲ್ಲಿ ಬರೆದ ಲೇಖನದಿಂದ ಈ ವಿದ್ಯೆಯ ಇತಿಹಾಸ ಎಣಿಸುವುದು ರೂಢಿ. ಹಳೆಯ ಕ್ರಮವೆಂದರೆ ಇಂದಿನ ಸ್ಥಿತಿಯ ನಕ್ಷೆ ಬರೆಯುವುದು, ಐದು ವರ್ಷದ ಮೇಲಿನ ಸ್ಥಿತಿಯ ನಕ್ಷೆ ಬರೆಯುವುದು, ನಡುವಿನ ದಾರಿಗೆ ಒಂದು ರಿವ್ಯೂ ಬೋರ್ಡ್ ಕೂರಿಸುವುದು. ನಕ್ಷೆಗೆ ಸಹಿ ಬೀಳುವಷ್ಟರಲ್ಲಿ ವ್ಯವಹಾರವೇ ಬೇರೆಯಾಗಿರುತ್ತದೆ.

ಇದರ ಎದುರು ಪಕ್ಷ ಅಜೈಲ್. 2001ರ ಫೆಬ್ರುವರಿಯಲ್ಲಿ ಅಮೆರಿಕದ ಯೂಟಾದಲ್ಲಿ 17 ಮಂದಿ ಸೇರಿ ಹೊರಡಿಸಿದ ಪ್ರಣಾಳಿಕೆ ಇದಕ್ಕೆ ಹೆಸರು ಕೊಟ್ಟಿತು. ಚಿಕ್ಕ ತಂಡ, ಎರಡು ವಾರದ ಸ್ಪ್ರಿಂಟ್, ಕೆಲಸ ಮಾಡುವ ಸಾಫ್ಟ್‌ವೇರನ್ನು ತುಂಡುತುಂಡಾಗಿ ಬಳಕೆದಾರರ ಕೈಗಿಡುವುದು, ನೋಡಿ ತಿದ್ದುವುದು. ಇಂಥ ತಂಡಕ್ಕೆ ಆರ್ಕಿಟೆಕ್ಟ್ ಎಂದರೆ ದಾರಿಗಡ್ಡ ನಿಂತ ಮನುಷ್ಯ. ಅವನನ್ನು ಬದಿಗೆ ಸರಿಸಿದ ಕಡೆ ಕೆಲಸ ಬೇಗ ಸಾಗಿತು, ನಿಜ. ಜೊತೆಗೇ ಪ್ರತಿ ತಂಡವೂ ಗ್ರಾಹಕರ ಪಟ್ಟಿಯನ್ನು ತನ್ನದೇ ಬಗೆಯಲ್ಲಿ ಇಟ್ಟುಕೊಂಡು, ವಿಳಾಸ ಮೂರರ ಬದಲು ಒಂಬತ್ತು ಕಡೆ ಆಯಿತು.

ಮೆಟ್ರೊ ಕಟ್ಟಿದವರು ಈ ಎರಡು ಪಕ್ಷಗಳಲ್ಲಿ ಯಾವುದನ್ನೂ ಪೂರ್ತಿ ಹಿಡಿಯಲಿಲ್ಲ. ಹಳಿಗಳ ನಡುವಿನ ಅಂತರ 1,435 ಮಿಲಿಮೀಟರ್, ಮೂರನೇ ಹಳಿಯಲ್ಲಿ 750 ವೋಲ್ಟ್ ವಿದ್ಯುತ್, ಆರು ಬೋಗಿಯ ಪ್ಲಾಟ್‌ಫಾರ್ಮ್: ಇಷ್ಟು ಮೊದಲೇ ತೀರ್ಮಾನವಾಯಿತು. ನೆಲದಡಿಯ ನಿಲ್ದಾಣವನ್ನು ಆಮೇಲೆ ಉದ್ದ ಮಾಡುವುದು ಹೆಚ್ಚುಕಡಿಮೆ ಹೊಸದಾಗಿ ಕಟ್ಟಿದಂತೆಯೇ. ಬೋಗಿ ಹಾಗಲ್ಲ, ಜನ ಹೆಚ್ಚಾದಾಗ ತಂದು ಜೋಡಿಸಬಹುದು. ಟಿಕೆಟ್ಟಂತೂ ಇನ್ನೂ ಹಗುರ; ಟೋಕನ್ ಮತ್ತು ಸ್ಮಾರ್ಟ್ ಕಾರ್ಡಿನಿಂದ ಹೊರಟದ್ದು 2022ರ ನವೆಂಬರ್‌ನಲ್ಲಿ ವಾಟ್ಸ್ಆ್ಯಪ್‌ನ ಕ್ಯೂಆರ್ ಕೋಡಿಗೆ ಬಂತು. 2011ರಲ್ಲಿ ಎಂ.ಜಿ. ರಸ್ತೆಯ ಮೊದಲ ರೈಲು ಹೊರಟಾಗ ಯಾರೂ ಅದನ್ನು ಯೋಚಿಸಬೇಕಾಗಿರಲಿಲ್ಲ.

ಟೊಯೊಟಾ ಕಾರ್ಖಾನೆಯ ಕ್ರಮದಿಂದ ಹುಟ್ಟಿದ ಲೀನ್ ವಿಚಾರದವರು ಹೇಳುವುದೂ ಇದನ್ನೇ. ತೀರ್ಮಾನವನ್ನು ಮುಂದೂಡಬಹುದಾದ ಕೊನೆಯ ಗಳಿಗೆಯವರೆಗೆ ಮುಂದೂಡು, ಏಕೆಂದರೆ ಅಷ್ಟರಲ್ಲಿ ನಿನಗೆ ಹೆಚ್ಚು ಗೊತ್ತಾಗಿರುತ್ತದೆ. ಆದರೆ ಪ್ರತಿ ತೀರ್ಮಾನದ ಕೊನೆಯ ಗಳಿಗೆ ಬೇರೆ ಬೇರೆ. ಬ್ಯಾಂಕಿನಲ್ಲಿ ಗ್ರಾಹಕರ ಗುರುತಿನ ಸಂಖ್ಯೆ, ಯಾವ ಮಾಹಿತಿಗೆ ಯಾರು ಒಡೆಯರು, ವ್ಯವಸ್ಥೆಗಳು ಮಾತಾಡುವ ರೀತಿ ಮತ್ತು ಭದ್ರತೆ ಕಾಂಕ್ರೀಟಿನ ಜಾತಿಗೆ ಸೇರಿದವು. ಯಾವ ಕಂಪನಿಯ ಡೇಟಾಬೇಸ್, ಯಾವ ಬಗೆಯ ಪರದೆ ಎಂಬುದು ಬಹುಪಾಲು ಬೋಗಿಯ ಜಾತಿ. ಬೋರ್ಡ್ ಸಭೆಗಳಲ್ಲಿ ನಡೆಯುವುದು ಹೆಚ್ಚಾಗಿ ಇದರ ತಿರುವುಮುರುವು: ಯಾವ ಉತ್ಪನ್ನ ಕೊಳ್ಳಬೇಕೆಂದು ವಾರಗಟ್ಟಲೆ ಚರ್ಚೆ, ಗುರುತಿನ ಸಂಖ್ಯೆ ಯಾರ ಜವಾಬ್ದಾರಿ ಎಂಬುದಕ್ಕೆ ಪಿಪಿಟಿಯಲ್ಲಿ ಒಂದು ಸಾಲು.

ಮೆಟ್ರೊದ ಕಥೆ ಬರೀ ಹೊಗಳಿಕೆಗೂ ಅಲ್ಲ. ತುಂಡಾಗಿ ಕೊಡುವಾಗ ಆ ತುಂಡಿನಲ್ಲಿ ಒಬ್ಬರ ಪ್ರಯಾಣ ಮುಗಿಯಬೇಕು. 2023ರ ಮಾರ್ಚ್‌ನಲ್ಲಿ ವೈಟ್‌ಫೀಲ್ಡ್‌ನಿಂದ ಕೆ.ಆರ್. ಪುರದವರೆಗೆ ಮಾರ್ಗ ತೆರೆದರು. ಅಲ್ಲಿಂದ ಬೈಯಪ್ಪನಹಳ್ಳಿಗೆ ಉಳಿದಿದ್ದ ಸುಮಾರು ಎರಡು ಕಿಲೋಮೀಟರ್ ಕೂಡಿದ್ದು ಅಕ್ಟೋಬರ್‌ನಲ್ಲಿ. ಅಲ್ಲಿಯವರೆಗೆ ನಡುವೆ ಬಸ್ಸು. ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರಕ್ಕೆ ಹೋಗುವ ಹಳದಿ ಮಾರ್ಗದಲ್ಲಿ ಹಳಿ, ನಿಲ್ದಾಣ ಎಲ್ಲ ಎದ್ದು ನಿಂತ ಮೇಲೂ ರೈಲುಗಳಿಗಾಗಿ ಕಾಯಬೇಕಾಯಿತು. 2025ರ ಆಗಸ್ಟ್‌ನಲ್ಲಿ ಹೊರಟಾಗ ಇದ್ದದ್ದು ಮೂರು ರೈಲು, 25 ನಿಮಿಷಕ್ಕೊಂದು. ಟೊಯೊಟಾದ ತೈಇಚಿ ಓನೊ ಕಾರ್ಖಾನೆಯಲ್ಲಿ ಪೋಲಾಗುವ ಬಾಬತ್ತುಗಳನ್ನು ಏಳು ಬಗೆಯಾಗಿ ವಿಂಗಡಿಸಿದ್ದರು. ಕಾಯುವುದೂ, ಬಳಕೆಗೆ ಬಾರದೆ ಬಿದ್ದಿರುವ ದಾಸ್ತಾನೂ ಅದರಲ್ಲಿವೆ. ಬಿಡದಿಯ ಟೊಯೊಟಾ ಕಾರ್ಖಾನೆಯವರಿಗೆ ಇದು ದಿನನಿತ್ಯದ ಪಾಠ. ಸಾಫ್ಟ್‌ವೇರ್ ಕಚೇರಿಯಲ್ಲಿ ದಾಸ್ತಾನು ಕಣ್ಣಿಗೆ ಕಾಣುವುದಿಲ್ಲ, ಅಷ್ಟೇ ವ್ಯತ್ಯಾಸ.

ಇನ್ನು ನಮ್ಮ ರಾಜ್ಯದಲ್ಲೇ ಇಪ್ಪತ್ತೈದು ವರ್ಷದಿಂದ ನಡೆದಿರುವ ದೊಡ್ಡ ಪ್ರಯೋಗ ಭೂದಾಖಲೆಯದು. ಅಜೈಲ್ ಪ್ರಣಾಳಿಕೆ ಬರುವ ಹೊತ್ತಿಗೆ ಇಲ್ಲಿ 'ಭೂಮಿ' ಯೋಜನೆ ತಾಲ್ಲೂಕು ಕಚೇರಿಗಳಿಗೆ ಬರತೊಡಗಿತ್ತು. ರಾಜೀವ್ ಚಾವ್ಲಾ ಅವರ ಮುಂದಾಳತ್ವ, ಎನ್ಐಸಿಯ ಸಾಫ್ಟ್‌ವೇರ್, 177 ತಾಲ್ಲೂಕು, ಸುಮಾರು 67 ಲಕ್ಷ ರೈತರ 2 ಕೋಟಿ ದಾಖಲೆ. ಜಮೀನಿನ ಎಲ್ಲ ಸಮಸ್ಯೆಯನ್ನೂ ಒಂದೇ ಏಟಿಗೆ ಹಿಡಿಯಲು ಹೋಗಲಿಲ್ಲ ಎಂಬುದೇ ಅದರ ಜಾಣತನ. ಹಿಡಿದದ್ದು ಪಹಣಿ ಮತ್ತು ಖಾತೆ ಬದಲಾವಣೆಯನ್ನು. ಗ್ರಾಮ ಲೆಕ್ಕಿಗರ ಕೈಬರಹದ ಪಹಣಿಗೆ ಬೆಲೆಯಿಲ್ಲ ಎಂದು ಮಾಡಿ, 15 ರೂಪಾಯಿಗೆ ಕೌಂಟರಿನಲ್ಲಿ ಪ್ರಿಂಟ್ ಕೊಟ್ಟರು. ಖಾತೆ ಬದಲಾವಣೆಯಲ್ಲಿ ಮೊದಲು ಬಂದ ಅರ್ಜಿ ಮೊದಲು ಎಂಬ ನಿಯಮವನ್ನು ಸಾಫ್ಟ್‌ವೇರಿನೊಳಗೇ ಕೂರಿಸಿದರು. ಕ್ರಮ ತಪ್ಪಿಸಿ ಒಬ್ಬರ ಕಡತ ಮೇಲೆತ್ತಲು ಬರುವಂತಿರಲಿಲ್ಲ.

ಆದರೆ ರೈತನಿಗೆ ಬೇಕಾದದ್ದು ಪಹಣಿಯ ಪ್ರಿಂಟಷ್ಟೇ ಅಲ್ಲ, ಕೊಂಡ ಜಮೀನು ತನ್ನ ಹೆಸರಿಗೆ ಬರುವುದು. ಆ ದಾರಿಯಲ್ಲಿ ಮೂರು ಮನೆಗಳಿವೆ. ಅಳತೆಯ ನಕ್ಷೆ ಭೂಮಾಪನ ಇಲಾಖೆಯ 'ಮೋಜಿಣಿ'ಯಲ್ಲಿ, ಕ್ರಯಪತ್ರ ನೋಂದಣಿ ಇಲಾಖೆಯ 'ಕಾವೇರಿ'ಯಲ್ಲಿ, ಖಾತೆ 'ಭೂಮಿ'ಯಲ್ಲಿ. ಸಂಸ್ಥೆಯೊಳಗೆ ಜನ ಹೇಗೆ ವಿಂಗಡಣೆಯಾಗಿರುತ್ತಾರೋ ಅವರು ಕಟ್ಟುವ ವ್ಯವಸ್ಥೆಯೂ ಹಾಗೇ ವಿಂಗಡಣೆಯಾಗಿರುತ್ತದೆ ಎಂದು ಮೆಲ್ವಿನ್ ಕಾನ್ವೇ 1968ರಲ್ಲೇ ಬರೆದಿದ್ದ; ಇಲ್ಲಿ ಇಲಾಖೆ ಮೂರು, ಸಾಫ್ಟ್‌ವೇರೂ ಮೂರು. ಬರಬರುತ್ತ ಇವನ್ನು ಜೋಡಿಸಿದರು. ನೋಂದಣಿಗೆ ಮುನ್ನ ಮೋಜಿಣಿಯ 11ಇ ನಕ್ಷೆ ಬೇಕೆಂದಾಯಿತು, ನೋಂದಣಿಯಾದ ಮಾಹಿತಿ ಕಾವೇರಿಯಿಂದ ಭೂಮಿಗೆ ತಾನೇ ಹೋಗಿ ಖಾತೆ ಬದಲಾವಣೆಯ ಕೆಲಸ ಶುರುವಾಗುವಂತಾಯಿತು. ಈ ಜೋಡಣೆ ಸಾಧ್ಯವಾದದ್ದು ಮೂರೂ ಕಡೆ ಸರ್ವೆ ನಂಬರ್ ಎಂಬ ಒಂದೇ ಗುರುತು ಮೊದಲಿನಿಂದ ಇದ್ದದ್ದರಿಂದ. ಬ್ರಿಟಿಷರ ಕಾಲದ ಸರ್ವೆಯ ಆ ಸಂಖ್ಯೆಗಿಂತ ಒಳ್ಳೆಯ ಆರ್ಕಿಟೆಕ್ಚರ್ ತೀರ್ಮಾನ ನನಗೆ ನೆನಪಾಗುವುದಿಲ್ಲ.

ಕಾಯುವುದನ್ನು ಅಳೆಯುವ ಕೆಲಸ ಮಾಡಿದ್ದು ಸರ್ಕಾರಿ ಸೇವೆಗಳಿಗೆ ಗಡುವು ಹಾಕಿದ 'ಸಕಾಲ' ಯೋಜನೆ. 2012ರ ಮಾರ್ಚ್‌ನಲ್ಲಿ ಔರಾದ್, ಚಿತ್ರದುರ್ಗ, ಧಾರವಾಡ, ಪುತ್ತೂರು ತಾಲ್ಲೂಕುಗಳಲ್ಲಿ ಪ್ರಯೋಗ. ಏಪ್ರಿಲ್ 2ರಿಂದ 11 ಇಲಾಖೆಗಳ 151 ಸೇವೆ ರಾಜ್ಯಕ್ಕೆಲ್ಲ. ಇಲಾಖೆಗಳ ಸಾಫ್ಟ್‌ವೇರನ್ನು ಕಿತ್ತು ಹೊಸದು ಹಾಕುವ ಉಸಾಬರಿಗೆ ಅದು ಹೋಗಲಿಲ್ಲ. ಅರ್ಜಿಗೆ 15 ಅಂಕಿಯ ಸಂಖ್ಯೆಯ ಸ್ವೀಕೃತಿ ಚೀಟಿ, ಸೇವೆಗೊಂದು ಗಡುವು, ತಪ್ಪಿದರೆ ದಿನಕ್ಕೆ 20 ರೂಪಾಯಿಯಂತೆ ಗರಿಷ್ಠ 500 ರೂಪಾಯಿ ಪರಿಹಾರ.

ಕಂಪನಿಗಳ ಆರ್ಕಿಟೆಕ್ಚರ್ ಬೋರ್ಡಿಗೂ ಇಂಥದೊಂದು ಸ್ವೀಕೃತಿ ಚೀಟಿ ಕಡ್ಡಾಯ ಮಾಡಬೇಕು. ತಂಡ ವಿನ್ಯಾಸ ಸಲ್ಲಿಸಿದ ದಿನ, ಉತ್ತರ ಕೈಸೇರಿದ ದಿನ, ಎರಡನ್ನೂ ಬರೆದರೆ ಸಾಕು. ಎರಡು ವಾರದ ಸ್ಪ್ರಿಂಟಿನ ತಂಡ ತಿಂಗಳಿಗೊಮ್ಮೆ ಸೇರುವ ಸಭೆಯ ಮರುದಿನ ವಿನ್ಯಾಸ ಸಲ್ಲಿಸಿ ಮುಂದಿನ ಸಭೆಗೆ ಕಾಯುತ್ತಿದ್ದರೆ, ಸಲ್ಲಿಸಿದ ದಿನದಿಂದ ಎಣಿಸಿ ಸಕಾಲದ ದರದಲ್ಲಿ ಸಭೆಯ ಬಾಗಿಲು ತೆರೆಯುವ ಮೊದಲೇ ಐನೂರು ರೂಪಾಯಿ ಪೂರ್ತಿ ಕೊಡಬೇಕಾಗುತ್ತದೆ.