ಕಾರ್ಮಿಕ ಸಂಘಕ್ಕೆ ಹೊರಗಿನ ನಾಯಕರೇಕೆ?

ಬಸ್ಸಿನಲ್ಲಿ ಒಂದು ದಿನವೂ ಟಿಕೆಟ್ ಹರಿಯದವರು ಸಾರಿಗೆ ನೌಕರರಿಗೆ ಮುಂದಾಳಾಗುವುದು ಎಂಥ ನ್ಯಾಯ? ರಾಜ್ಯದ ಸಾರಿಗೆ ನಿಗಮಗಳ ನೌಕರರು 2020ರ ಡಿಸೆಂಬರಿನಲ್ಲಿಯೂ 2021ರ ಏಪ್ರಿಲಿನಲ್ಲಿಯೂ ಮುಷ್ಕರ ಹೂಡಿದಾಗ ಈ ಪ್ರಶ್ನೆ ಜೋರಾಗಿಯೇ ಕೇಳಿಬಂತು. ನೌಕರರ ಕೂಟಕ್ಕೆ ಆಗ ಗೌರವಾಧ್ಯಕ್ಷರಾಗಿದ್ದವರು ರೈತ ಮುಖಂಡ ಕೋಡಿಹಳ್ಳಿ ಚಂದ್ರಶೇಖರ್. ಪ್ರಶ್ನೆ ಮಾತ್ರ ಹೊಸದಲ್ಲ. ಅದಕ್ಕೆ ನಮ್ಮ ಕಾರ್ಮಿಕ ಚಳವಳಿಯಷ್ಟೇ ವಯಸ್ಸಾಗಿದೆ.

1918ರಲ್ಲಿ ಮದರಾಸಿನ ಬಟ್ಟೆ ಗಿರಣಿ ಕಾರ್ಮಿಕರು ಸಂಘ ಕಟ್ಟಿಕೊಂಡಾಗ ಅದರ ಅಧ್ಯಕ್ಷರಾದವರು ಬಿ.ಪಿ. ವಾಡಿಯಾ. ಅವರು ಗಿರಣಿಯ ಆಳಲ್ಲ, ಥಿಯಾಸಫಿಕಲ್ ಸೊಸೈಟಿಯ ಕಾರ್ಯಕರ್ತ. ಕಾರ್ಮಿಕರು ಅಂಥವರನ್ನು ಬಯಸಿದ್ದಕ್ಕೆ ಕಾರಣ ಸರಳ. ಒಳಗಿನವನು ತಲೆ ಎತ್ತಿದರೆ ಮರುದಿನವೇ ಕೆಲಸ ಹೋಗುತ್ತಿತ್ತು. ಆಡಳಿತದ ಇಂಗ್ಲಿಷ್ ಪತ್ರಕ್ಕೆ ಉತ್ತರ ಬರೆಯಲು, ಸಾಹೇಬರ ಎದುರು ಕುಳಿತು ವಾದಿಸಲು ಹೊರಗಿನವರೇ ಬೇಕಾಗಿತ್ತು. ಆದರೆ ಹೊರಗಿನವರಿಗೂ ರಕ್ಷಣೆ ಇರಲಿಲ್ಲ. ಗಿರಣಿಯ ಒಡೆಯರು ವಾಡಿಯಾ ಅವರ ಮೇಲೆಯೇ ದಾವೆ ಹೂಡಿ, ಮದರಾಸು ಹೈಕೋರ್ಟಿನಿಂದ ತಡೆಯಾಜ್ಞೆ ತಂದರು. ಸಂಘಗಳಿಗೆ ಕಾನೂನಿನ ಆಸರೆ ಬೇಕೆಂಬ ಒತ್ತಾಯ ಇದರಿಂದ ಬಲವಾಯಿತು. 1926ರ ಕಾರ್ಮಿಕ ಸಂಘಗಳ ಕಾಯಿದೆ ಬಂದದ್ದು ಈ ಹಿನ್ನೆಲೆಯಲ್ಲಿ.

ಆ ಕಾಯಿದೆ ಹೊರಗಿನವರನ್ನು ದೂರ ಇಡಲಿಲ್ಲ. ಪದಾಧಿಕಾರಿಗಳಲ್ಲಿ ಕನಿಷ್ಠ ಅರ್ಧದಷ್ಟು ಮಂದಿ ಆ ಉದ್ಯಮದಲ್ಲಿಯೇ ದುಡಿಯುವವರಾಗಿರಬೇಕು ಎಂದಷ್ಟೇ ವಿಧಿಸಿತು. 2001ರ ತಿದ್ದುಪಡಿ ಬಾಗಿಲನ್ನು ಇನ್ನಷ್ಟು ಕಿರಿದು ಮಾಡಿತು. ಸಂಘಟಿತ ವಲಯದಲ್ಲಿ ಹೊರಗಿನವರು ಪದಾಧಿಕಾರಿಗಳ ಮೂರನೆಯ ಒಂದು ಭಾಗವನ್ನಾಗಲಿ, ಐದು ಮಂದಿಯನ್ನಾಗಲಿ ಮೀರುವಂತಿಲ್ಲ. 2025ರ ನವೆಂಬರಿನಲ್ಲಿ ಜಾರಿಗೆ ಬಂದ ಕೈಗಾರಿಕಾ ಸಂಬಂಧಗಳ ಸಂಹಿತೆಯೂ ಇದೇ ಮಿತಿಯನ್ನು ಉಳಿಸಿಕೊಂಡಿದೆ. ನಿವೃತ್ತರನ್ನೂ ಕೆಲಸದಿಂದ ಕಡಿತಗೊಂಡವರನ್ನೂ ಅದು ಹೊರಗಿನವರೆಂದು ಎಣಿಸುವುದಿಲ್ಲ.

ಹೊರಗಿನ ನಾಯಕತ್ವದ ಶಕ್ತಿ, ಅದರ ಬೆಲೆ ಎರಡನ್ನೂ ತೋರಿಸಿದ್ದು 1974ರ ರೈಲ್ವೆ ಮುಷ್ಕರ. ಮಂಗಳೂರಿನ ಜಾರ್ಜ್ ಫರ್ನಾಂಡಿಸ್ ರೈಲ್ವೆ ನೌಕರರಾಗಿದ್ದವರಲ್ಲ. ಆದರೂ ಅಖಿಲ ಭಾರತ ರೈಲ್ವೆ ನೌಕರರ ಫೆಡರೇಷನ್ನಿನ ಪ್ರತಿನಿಧಿಗಳು 1973ರಲ್ಲಿ ಪೀಟರ್ ಆಲ್ವಾರಿಸ್ ಅವರನ್ನು ಸೋಲಿಸಿ ಅವರನ್ನು ಅಧ್ಯಕ್ಷರನ್ನಾಗಿ ಆರಿಸಿದರು. ಮುಂದಿನ ಮೇ 8ರಂದು ಮುಷ್ಕರ ಆರಂಭವಾಗುವ ಮೊದಲೇ ಅವರನ್ನು ಬಂಧಿಸಲಾಯಿತು. ಇಪ್ಪತ್ತು ದಿನಗಳ ಬಳಿಕ ಮುಷ್ಕರ ನಿಂತಿತು. ನಾಯಕರು ಸೆರೆಮನೆ ಕಂಡರು, ನಿಜ. ಆದರೆ ಸಾವಿರಾರು ನೌಕರರು ಕೆಲಸವನ್ನೇ ಕಳೆದುಕೊಂಡರು. 1977ರಲ್ಲಿ ಜನತಾ ಸರ್ಕಾರ ಬರುವವರೆಗೆ ಅವರು ಮರುನೇಮಕಕ್ಕೆ ಕಾಯಬೇಕಾಯಿತು.

ಇದೇ ಮಾತು 2021ಕ್ಕೂ ಸಲ್ಲುತ್ತದೆ. ಆರನೆಯ ವೇತನ ಆಯೋಗದ ಶಿಫಾರಸಿನಂತೆ ಸಂಬಳ ಕೇಳಿದ ಸಾರಿಗೆ ನೌಕರರಿಗೆ ಸರ್ಕಾರ ಶೇ 8ರ ಮಧ್ಯಂತರ ಏರಿಕೆಯ ಮಾತಾಡಿತು. ನೌಕರರು ಅದಕ್ಕೆ ಒಪ್ಪಲಿಲ್ಲ. ಕೋವಿಡ್ ಎರಡನೆಯ ಅಲೆಯ ನಡುವೆ, ಹೈಕೋರ್ಟಿನ ಸೂಚನೆಯ ಮೇರೆಗೆ ಹದಿನೈದು ದಿನಗಳ ಮುಷ್ಕರ ಮುಗಿಯಿತು. ಅಷ್ಟರಲ್ಲಿ ಅಮಾನತು, ವರ್ಗಾವಣೆ, ವಜಾ ಆದೇಶಗಳು ಹೋಗಿ ಮುಟ್ಟಿದ್ದು ಚಾಲಕ, ನಿರ್ವಾಹಕರ ಮನೆಗಳನ್ನು.

ಹಾಗೆಂದು ಹೊರಗಿನವರೆಲ್ಲ ಬೇಡವೆನ್ನುವುದೂ ಸಲ್ಲದು. ಕೆಲಸ ಕಳೆದುಕೊಳ್ಳುವ ಭಯವಿಲ್ಲದ ನಾಯಕ ಧೈರ್ಯವಾಗಿ ಮಾತಾಡಬಲ್ಲ. ಆ ಧೈರ್ಯದ ಸಾಲ ತೀರಿಸುವವನು ಮಾತ್ರ ನೌಕರ. ಆದ್ದರಿಂದ ನಾಯಕ ಎಲ್ಲಿಂದ ಬಂದ ಎನ್ನುವುದಕ್ಕಿಂತ, ಅವನನ್ನು ಆರಿಸುವ ಮತ್ತು ಇಳಿಸುವ ಅಧಿಕಾರ ಯಾರ ಕೈಯಲ್ಲಿದೆ ಎನ್ನುವುದು ದೊಡ್ಡ ಪ್ರಶ್ನೆ. ಯಾವ ಸಂಘಕ್ಕೆ ಮಾನ್ಯತೆ ಸಿಗಬೇಕೆಂದು ತೀರ್ಮಾನಿಸಲು ರೈಲ್ವೆಯಲ್ಲಿ 2007, 2013 ಮತ್ತು 2024ರಲ್ಲಿ ನೌಕರರ ಗುಪ್ತ ಮತದಾನ ನಡೆಯಿತು. ಒಂದು ಮತದಾನಕ್ಕೂ ಮುಂದಿನದಕ್ಕೂ ನಡುವೆ ಹನ್ನೊಂದು ವರ್ಷ ಉರುಳಿದ್ದೂ ಉಂಟು. ಮುಷ್ಕರ ಹೂಡುವ ದಿನ ನೌಕರನ ಒಪ್ಪಿಗೆ ಎಷ್ಟು ಮುಖ್ಯವೋ, ಅದರ ಲೆಕ್ಕ ಕೇಳುವ ದಿನ ಅವನ ಕೈಯಲ್ಲಿ ಮತವಿರುವುದೂ ಅಷ್ಟೇ ಮುಖ್ಯ.