ನೆತ್ತಿಗೆ ಹತ್ತದ ನೀರು

ಊಟದ ನಡುವೆ ನೆತ್ತಿಗೆ ಹತ್ತಿದರೆ ಪಕ್ಕದವರು ತಲೆ ತಟ್ಟಿ 'ಯಾರೋ ನೆನೆಸಿಕೊಂಡರು' ಎನ್ನುತ್ತಾರೆ. ನೆನೆದವರು ಯಾರೇ ಇರಲಿ, ಶ್ವಾಸನಾಳದತ್ತ ದಾರಿ ತಪ್ಪಿದ ಅಗುಳನ್ನು ಹೊರಗಟ್ಟುವುದು ಆ ಕೆಮ್ಮು. ಪಾರ್ಶ್ವವಾಯು ಬಡಿದವರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ನುಂಗುವುದು ಕಷ್ಟವಾಗುತ್ತದೆ. ಅವರಲ್ಲಿ ಕೆಲವರಿಗೆ ಕೆಮ್ಮೂ ಬರುವುದಿಲ್ಲ. ಕುಡಿಸಿದ ನೀರು ಸದ್ದಿಲ್ಲದೆ ಶ್ವಾಸಕೋಶಕ್ಕೆ ಇಳಿಯುತ್ತದೆ. ಕೆಲವು ದಿನಗಳಲ್ಲೇ ಜ್ವರ, ನ್ಯುಮೋನಿಯಾ.

ನುಂಗುವಿಕೆಯ ತಜ್ಞರು ರಾತ್ರಿ ಪಾಳಿಯಲ್ಲಿ ಸಿಗುವುದು ಅಪರೂಪ. ಹಾಸಿಗೆಯ ಪಕ್ಕ ಇರುವವರು ಸಿಸ್ಟರ್. ನುಂಗುವಿಕೆಯನ್ನು ಪರೀಕ್ಷಿಸಲು ಅವರಿಗೆ ಒಗ್ಗುವಂಥದ್ದು ಅಮೆರಿಕದ ಯೇಲ್ ವಿಧಾನ. ರೋಗಿಗೆ ಎಚ್ಚರವಿದೆಯೇ, ನೆಟ್ಟಗೆ ಕೂರಬಲ್ಲರೇ, ನಾಲಿಗೆ ತುಟಿ ಆಡುತ್ತವೆಯೇ ಎಂದು ನೋಡಿ, 90 ಮಿ.ಲೀ. ನೀರನ್ನು ಒಂದೇ ಸಮನೆ ಕುಡಿಯಲು ಕೊಡುತ್ತಾರೆ. ನಡುವೆ ನಿಲ್ಲಿಸಿದರೆ, ಕೆಮ್ಮಿದರೆ ಬಾಯಿಂದ ಏನೂ ಕೊಡುವಂತಿಲ್ಲ, ತಜ್ಞರು ಬಂದು ನೋಡಬೇಕು. ಅಷ್ಟೊಂದು ನೀರೇಕೆ? ಒಂದು ಗುಟುಕಿಗೆ ಸುಮ್ಮನಿದ್ದ ಗಂಟಲು ಹೆಚ್ಚು ನೀರಿಗೆ ಎಚ್ಚೆತ್ತು ಕೆಮ್ಮುವ ಸಾಧ್ಯತೆ ಹೆಚ್ಚು. 'ಚಮಚದಲ್ಲಿ ಕೊಟ್ಟು ನೋಡಿದೆ, ಏನೂ ಆಗಲಿಲ್ಲ' ಎಂಬ ಸಮಾಧಾನ ಮೋಸ ಮಾಡುವುದು ಇಲ್ಲಿಯೇ.

ವಿಧಾನ ಗೊತ್ತಿದ್ದರೆ ಸಾಲದು, ನಡೆಯಬೇಕು. ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್‌ನ 19 ಪಾರ್ಶ್ವವಾಯು ಘಟಕಗಳಲ್ಲಿ ಸ್ಯಾಂಡಿ ಮಿಡಲ್ಟನ್ ತಂಡ ನಡೆಸಿದ ಅಧ್ಯಯನ 2011ರಲ್ಲಿ ಪ್ರಕಟವಾಯಿತು. ಕೆಲವು ಘಟಕಗಳ ನರ್ಸ್‌ಗಳಿಗೆ ಜ್ವರ, ಸಕ್ಕರೆ, ನುಂಗುವಿಕೆ ಈ ಮೂರನ್ನೂ ನೋಡಿಕೊಳ್ಳುವ ತರಬೇತಿ ಕೊಟ್ಟು, ಅಡ್ಡಿಗಳೇನೆಂದು ಅವರೊಂದಿಗೇ ಕೂತು ಮಾತಾಡಿ, ಆಗಾಗ ನೆನಪಿಸಿದರು. ಅಲ್ಲಿ ಶೇ 46 ರೋಗಿಗಳಿಗೆ ನುಂಗುವ ಪರೀಕ್ಷೆ ನಡೆಯಿತು. ಉಳಿದ ಘಟಕಗಳಲ್ಲಿ ಬರೀ ಶೇ 7. ಮೂರು ತಿಂಗಳಲ್ಲಿ ಸತ್ತವರು ಅಥವಾ ಪರಾವಲಂಬಿಗಳಾದವರು ತರಬೇತಿ ಪಡೆದ ಘಟಕಗಳಲ್ಲಿ ಶೇ 42, ಉಳಿದವುಗಳಲ್ಲಿ ಶೇ 58. ಶ್ರೇಯ ಮೂರಕ್ಕೂ ಸೇರಿದ್ದು, ನಿಜ. ಆದರೆ ಅಷ್ಟೆಲ್ಲ ಮಾಡಿಯೂ ಅರ್ಧಕ್ಕಿಂತ ಹೆಚ್ಚು ಜನರಿಗೆ ಪರೀಕ್ಷೆ ಆಗಲಿಲ್ಲ ಎನ್ನುವುದೂ ಅದೇ ಲೆಕ್ಕದಲ್ಲಿದೆ.

ನಮ್ಮ ವಾರ್ಡುಗಳಲ್ಲಿ ಇನ್ನೊಂದು ಕೈ ಇದೆ, ಮನೆಯವರದು. ಸಿಸ್ಟರ್ ಬರುವ ಮುಂಚೆಯೇ ಮಗಳು ಗಂಜಿ ಕುಡಿಸಿರುತ್ತಾಳೆ, ದೊಡ್ಡಮ್ಮ ದೇವಸ್ಥಾನದ ತೀರ್ಥ ಬಾಯಿಗೆ ಬಿಟ್ಟಿರುತ್ತಾರೆ. ಪ್ರೀತಿಯಿಂದಲೇ. ಕೆಲವೊಮ್ಮೆ ತುರ್ತು ವಿಭಾಗದಲ್ಲೇ ಮಾತ್ರೆ ನೀರಿನೊಂದಿಗೆ ಗಂಟಲಿಗಿಳಿದಿರುತ್ತದೆ. ಅದಕ್ಕೇ ನರ್ಸ್‌ಗಳ ತರಬೇತಿಯಲ್ಲಿ ನೀರಿನ ಲೋಟಕ್ಕಿಂತ ಮೊದಲು ಒಂದು ಪ್ರಶ್ನೆ ಬರಬೇಕು, ಗದರುವ ದನಿ ಇಲ್ಲದೆ: 'ಅಮ್ಮಾ, ಬಾಯಿಗೆ ಏನಾದ್ರೂ ಹಾಕಿದ್ರಾ?'