ಕ್ಯಾಚ್ ಬಿಟ್ಟವನಿಗೆ ರೀಟೇಕ್ ಇಲ್ಲ

ಒಂದು ರವಿವಾರ ಸಂಜೆ ಕಾಪು ಕಡಲ ತೀರಕ್ಕೆ ಹೋಗಿ ನೋಡಿ. 1901ರಲ್ಲಿ ಕಟ್ಟಿದ ದೀಪಸ್ತಂಭದ ನೆರಳು ಮರಳಿನ ಮೇಲೆ ಉದ್ದವಾಗುವ ಹೊತ್ತಿಗೆ ಹುಡುಗರ ಕ್ರಿಕೆಟ್ ಮುಗಿದಿರುತ್ತದೆ. ಟೆನಿಸ್ ಚೆಂಡು ಯಾರದೋ ಜೇಬು ಸೇರಿರುತ್ತದೆ. ಒಂದು ಪೊಟ್ಟಣ ಚುರುಮುರಿಗೆ ನಾಲ್ಕು ಕೈಗಳು. ಇನ್ನು ಇವರು ಆಟದ ಬಗ್ಗೆ ಮಾತನಾಡುತ್ತಾರೆ ಎಂದು ನೀವು ಭಾವಿಸಿದರೆ ಅದು ತಪ್ಪು. ಯಾರು ಔಟ್, ಯಾರು ನಾಟೌಟ್ ಎಂಬ ಜಗಳ ಹತ್ತು ನಿಮಿಷದಲ್ಲಿ ತಣ್ಣಗಾಗುತ್ತದೆ. ಆಮೇಲೆ ಆರಂಭವಾಗುವುದೇ ನಿಜವಾದ ಪಂದ್ಯ. ಆಟದ ಸಿನಿಮಾಗಳಲ್ಲಿ ಯಾವುದು ಮೇಲು? ಆಟಗಾರನಾಗಿ ನಂಬುವಂತೆ ನಟಿಸಿದವನು ಯಾರು? ಧೋನಿಯ ಕಥೆಯೋ, ‘ಲಗಾನ್’ ಚಿತ್ರವೋ, ‘83’ ಚಿತ್ರವೋ? ತುಳು, ಬ್ಯಾರಿ, ಉರ್ದು ಮೂರೂ ಬೆರೆತ ಈ ವಾದ ಮಗ್ರಿಬ್ ಅಝಾನ್ ಕೇಳುವ ತನಕ ಮುಗಿಯುವುದಿಲ್ಲ. ಕೆಲವೊಮ್ಮೆ ನಮಾಝ್ ಮುಗಿಸಿ ಬಂದ ಮೇಲೆ ಮಸೀದಿಯ ಗೇಟಿನ ಹೊರಗೆ ಮುಂದುವರಿಯುತ್ತದೆ.

ಸಿನಿಮಾ ನೋಡಬೇಕೇ ಬೇಡವೇ ಎಂಬುದು ನಮ್ಮ ಮನೆಗಳಲ್ಲಿ ಹಳೆಯ ಚರ್ಚೆ. ಅದನ್ನು ಇಲ್ಲಿ ಎತ್ತುವುದಿಲ್ಲ. ಥಿಯೇಟರ್‌ಗೆ ಹೋಗಬೇಡ ಎಂದು ಮಗನನ್ನು ತಡೆದ ತಾಯಂದಿರಿಗೂ ಗೊತ್ತಿದೆ, ಈಗ ಎಲ್ಲ ಚಿತ್ರಗಳೂ ಅವನ ಅಂಗೈಯ ಮೊಬೈಲ್‌ನಲ್ಲೇ ಇವೆ. ನೋಡಿದ್ದರ ಬಗ್ಗೆ ಅವನು ಗೆಳೆಯರೊಂದಿಗೆ ಏನು ಮಾತನಾಡುತ್ತಾನೆ ಎಂಬುದನ್ನು ಎಂದಾದರೂ ಕಿವಿಗೊಟ್ಟು ಕೇಳಿದ್ದೀರಾ? ನಾನೂ ಬಹಳ ಕಾಲ ಕೇಳಿರಲಿಲ್ಲ. ಹುಡುಗರ ಹರಟೆ ಎಂದು ಬಿಟ್ಟುಬಿಟ್ಟಿದ್ದೆ.

ಹಾಗೆ ನೋಡಿದರೆ ಆಟ ಮತ್ತು ಸಿನಿಮಾದ ನಂಟು ನಮ್ಮ ಕರಾವಳಿಗೆ ಹೊಸತಲ್ಲ. ಕಾಪುವಿನಿಂದ ಹೆದ್ದಾರಿಯಲ್ಲಿ ದಕ್ಷಿಣಕ್ಕೆ ಹೋದರೆ ಸುನಿಲ್ ಶೆಟ್ಟಿಯವರ ಮುಲ್ಕಿ. ಅದರಾಚೆ ಸಿಗುವುದು ಕೆ.ಎಲ್. ರಾಹುಲ್ ಆಡಿ ಬೆಳೆದ ಸುರತ್ಕಲ್. 2023ರ ಜನವರಿಯಲ್ಲಿ ಸುನಿಲ್ ಶೆಟ್ಟಿಯವರ ಮಗಳು ಆತಿಯಾ ಅವರನ್ನು ರಾಹುಲ್ ಮದುವೆಯಾದಾಗ, ಮದುವೆ ನಡೆದದ್ದು ದೂರದ ಖಂಡಾಲದಲ್ಲಾದರೂ, ಇಲ್ಲಿನ ಹುಡುಗರಿಗೆ ಪಕ್ಕದ ಮನೆಯ ಸಂಭ್ರಮ. ಅದಕ್ಕೂ ಎಷ್ಟೋ ಮೊದಲು ಪಟೌಡಿ ಮತ್ತು ಶರ್ಮಿಳಾ ಟಾಗೋರ್ ಇದ್ದರು. ನಮ್ಮ ಬೆಂಗಳೂರಿನ ಸೈಯದ್ ಕಿರ್ಮಾನಿ 1985ರಲ್ಲಿ ಸಂದೀಪ್ ಪಾಟೀಲ್ ಜೊತೆ ಒಂದು ಹಿಂದಿ ಚಿತ್ರದಲ್ಲಿ ನಟಿಸಿದ್ದರು ಎಂದರೆ ಇಂದಿನ ಮಕ್ಕಳು ನಂಬುವುದಿಲ್ಲ.

ಇವರೆಲ್ಲರಿಗಿಂತ ನನಗೆ ಇಷ್ಟವಾಗುವುದು ಸಲೀಂ ದುರಾನಿಯವರ ಕಥೆ. ಕಾಬೂಲ್‌ನಲ್ಲಿ ಹುಟ್ಟಿ ಭಾರತಕ್ಕೆ ಆಡಿದವರು. ಗ್ಯಾಲರಿಯಿಂದ ಜನ ‘ಸಿಕ್ಸರ್’ ಎಂದು ಕೂಗಿದರೆ ಆ ಕಡೆಗೇ ಚೆಂಡನ್ನು ಎತ್ತಿ ಹೊಡೆಯುತ್ತಿದ್ದರು. 1973ರಲ್ಲಿ ಕಾನ್ಪುರದ ಟೆಸ್ಟ್‌ಗೆ ಅವರನ್ನು ಕೈಬಿಟ್ಟಾಗ, ದುರಾನಿ ಇಲ್ಲದಿದ್ದರೆ ಟೆಸ್ಟೂ ಬೇಡ ಎಂಬ ಫಲಕಗಳು ಕಾಣಿಸಿಕೊಂಡವು. ಅದೇ ವರ್ಷ ಪರ್ವೀನ್ ಬಾಬಿ ಜೊತೆ ‘ಚರಿತ್ರ’ ಚಿತ್ರದಲ್ಲಿ ನಾಯಕರಾದರು. ಚಿತ್ರ ಓಡಲಿಲ್ಲ. 2023ರ ಎಪ್ರಿಲ್‌ನಲ್ಲಿ ಅವರು ತೀರಿಕೊಂಡಾಗ ಜನ ನೆನೆದದ್ದು ಆ ಸಿಕ್ಸರ್‌ಗಳನ್ನು. ಸೋತ ಸಿನಿಮಾವನ್ನು ಯಾರೂ ಅವರ ತಲೆಗೆ ಕಟ್ಟಲಿಲ್ಲ.

ಸಿನಿಮಾದ ಸೋಲು ಹಾಗೆಯೇ. ಒಂದು ಚಿತ್ರ ಮಕಾಡೆ ಮಲಗಿದರೆ ನಟನಿಗೆ ಇನ್ನೊಂದು ಶುಕ್ರವಾರ ಬರುತ್ತದೆ. ಅಭಿಮಾನಿ ಮುನಿಸಿಕೊಂಡರೂ ಮುಂದಿನ ಚಿತ್ರಕ್ಕೆ ಮತ್ತೆ ಸಾಲಿನಲ್ಲಿ ನಿಲ್ಲುತ್ತಾನೆ. ಚಿತ್ರೀಕರಣದಲ್ಲಿ ತಪ್ಪಿದರೆ ರೀಟೇಕ್ ಉಂಟು. ಮೈದಾನದಲ್ಲಿ ಕೈ ಜಾರಿದ ಕ್ಯಾಚ್‌ಗೆ ರೀಟೇಕ್ ಎಲ್ಲಿದೆ? ಮೇಲಿಂದ ಅದನ್ನೇ ನಿಧಾನಗತಿಯಲ್ಲಿ ನೂರು ಸಲ ತೋರಿಸುತ್ತಾರೆ. ಆದ್ದರಿಂದಲೇ ಇರಬೇಕು, ಕಡಲ ತೀರದ ಹುಡುಗರ ವಾದ ಎಲ್ಲಿಂದ ಹೊರಟರೂ ಕೊನೆಗೆ ಬಂದು ನಿಲ್ಲುವುದು ಒಂದೇ ಚಿತ್ರದ ಬಳಿ. ‘ಚಕ್ ದೇ ಇಂಡಿಯಾ’.

2007ರ ಆಗಸ್ಟ್‌ನಲ್ಲಿ ತೆರೆಕಂಡ ಈ ಚಿತ್ರದ ಕಥೆ ನಿಮಗೂ ಗೊತ್ತಿರಬಹುದು. ಹಾಕಿ ತಂಡದ ನಾಯಕ ಕಬೀರ್ ಖಾನ್ ಪಾಕಿಸ್ತಾನದ ಎದುರು ಕೊನೆಯ ಕ್ಷಣದಲ್ಲಿ ಪೆನಾಲ್ಟಿ ಸ್ಟ್ರೋಕ್ ತಪ್ಪಿಸಿಕೊಳ್ಳುತ್ತಾನೆ. ಎದುರಾಳಿ ನಾಯಕನ ಕೈ ಕುಲುಕಿದ ಒಂದು ಫೋಟೋ ಅವನ ಮೇಲಿನ ಸಾಕ್ಷ್ಯವಾಗುತ್ತದೆ. ಮನೆಯ ಗೋಡೆಯ ಮೇಲೆ ‘ಗದ್ದಾರ್’ ಎಂದು ಬರೆಯುತ್ತಾರೆ. ತಾಯಿ ಮಗ ಗಂಟುಮೂಟೆ ಕಟ್ಟಿಕೊಂಡು ಬಾಳಿ ಬದುಕಿದ ಮನೆ ಬಿಟ್ಟು ಹೋಗುತ್ತಾರೆ. ಏಳು ವರ್ಷಗಳ ನಂತರ ಅದೇ ಮನುಷ್ಯ, ಯಾರಿಗೂ ಬೇಡವಾದ ಮಹಿಳಾ ತಂಡದ ಕೋಚ್ ಆಗಿ ವಿಶ್ವಕಪ್ ಗೆದ್ದು ತರುತ್ತಾನೆ.

ಇದರ ಹಿಂದೆ ಇನ್ನೊಂದು ಕಥೆಯಿದೆ. 1982ರ ದಿಲ್ಲಿ ಏಷ್ಯನ್ ಗೇಮ್ಸ್‌ನ ಫೈನಲ್‌ನಲ್ಲಿ ಭಾರತ ಪಾಕಿಸ್ತಾನಕ್ಕೆ 1-7ರಿಂದ ಸೋತಿತು. ಆ ದಿನ ಗೋಲಿನ ಮುಂದೆ ನಿಂತಿದ್ದವರು ಮೀರ್ ರಂಜನ್ ನೇಗಿ. ಹಣ ತಿಂದು ಗೋಲು ಬಿಟ್ಟ, ದೇಶವನ್ನೇ ಮಾರಿದ ಎಂದು ಜನ ಅವರನ್ನು ಹೀಯಾಳಿಸಿದರು. ಅವರು ಹಾಕಿಯಿಂದಲೇ ದೂರವಾದರು. ಆಮೇಲೆ 1998ರಲ್ಲಿ ಬ್ಯಾಂಕಾಕ್ ಏಷ್ಯನ್ ಗೇಮ್ಸ್ ಚಿನ್ನ ಗೆದ್ದ ತಂಡಕ್ಕೆ ಗೋಲ್‌ಕೀಪಿಂಗ್ ತರಬೇತುದಾರರಾಗಿ ಮರಳಿ ಬಂದರು. 2002ರ ಮ್ಯಾಂಚೆಸ್ಟರ್ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಭಾರತದ ಹುಡುಗಿಯರು ಇಂಗ್ಲೆಂಡನ್ನು 3-2ರಿಂದ ಮಣಿಸಿ ಚಿನ್ನ ಗೆದ್ದಾಗಲೂ ಅವರು ತಂಡದ ತರಬೇತುದಾರರಲ್ಲಿ ಒಬ್ಬರಾಗಿದ್ದರು. ಚಿತ್ರದ ನಟಿಯರಿಗೆ ಹಾಕಿ ಸ್ಟಿಕ್ ಹಿಡಿಯಲು ಕಲಿಸಿದವರೂ ಅವರೇ.

ಈಗ ವಾದ ಕೇಳಿ. ನೇಗಿ ಮುಸ್ಲಿಮರಲ್ಲ. ಹಾಗಿದ್ದ ಮೇಲೆ ಚಿತ್ರದಲ್ಲಿ ಕಬೀರ್ ಖಾನ್ ಯಾಕೆ ಬೇಕಿತ್ತು ಎಂದು ಒಬ್ಬ ಹುಡುಗ ಕೇಳುತ್ತಾನೆ. “ಮುಸ್ಲಿಮನಾದ ಕೂಡಲೇ ಅವನು ಸಾಬೀತು ಮಾಡಿ ತೋರಿಸಬೇಕು ಅಂತ ಉಂಟಾ ಮಾರಾಯ?” ಅವನಿಗೆ ಇಷ್ಟವಾದದ್ದು 2005ರ ‘ಇಕ್ಬಾಲ್’. ಮಾತು ಬಾರದ, ಕಿವಿ ಕೇಳದ ಹಳ್ಳಿಯ ಹುಡುಗ ಇಕ್ಬಾಲ್. ಎಮ್ಮೆ ಮೇಯಿಸುತ್ತಲೇ ಬೌಲಿಂಗ್ ಅಭ್ಯಾಸ ಮಾಡುತ್ತಾನೆ. ಅವನ ಪರವಾಗಿ ಊರಿಡೀ ವಾದಿಸುವವಳು ತಂಗಿ ಖದೀಜಾ. ಆ ಮನೆ ಮುಸ್ಲಿಮರದ್ದು ಎಂಬುದು ಚಿತ್ರದಲ್ಲಿ ಒಂದು ಸಮಸ್ಯೆಯೇ ಅಲ್ಲ. ಸಾಲ, ಹೊಲ, ಆಟ ಬೇಡವೆನ್ನುವ ತಂದೆ, ಇವೇ ಅವನ ತೊಡಕುಗಳು. “ಹೀಗಿರಬೇಕು ಪಿಚ್ಚರ್” ಎನ್ನುತ್ತಾನೆ ಇವನು.

ಇನ್ನೊಬ್ಬ ಒಪ್ಪುವುದಿಲ್ಲ. ಹಾಗಾದರೆ ಶಮಿಗೆ ಆದದ್ದು ಏನು ಎಂದು ಕೇಳುತ್ತಾನೆ. ಅಲ್ಲಿಗೆ ಎಲ್ಲರೂ ಸುಮ್ಮನಾಗುತ್ತಾರೆ.

ನಿಮಗೆ ನೆನಪಿರಬೇಕು. 2021ರ ಅಕ್ಟೋಬರ್ 24ರಂದು ದುಬೈಯಲ್ಲಿ ಟಿ-20 ವಿಶ್ವಕಪ್‌ನ ಪಂದ್ಯ. ಭಾರತ ಪಾಕಿಸ್ತಾನದ ಎದುರು 10 ವಿಕೆಟ್‌ಗಳಿಂದ ಸೋತಿತು. ವಿಶ್ವಕಪ್‌ಗಳಲ್ಲಿ ಪಾಕಿಸ್ತಾನಕ್ಕೆ ಅದೇ ನಮ್ಮ ಮೊದಲ ಸೋಲು. ಒಂದೇ ಒಂದು ವಿಕೆಟ್ ಬೀಳಲಿಲ್ಲ ಎಂದರೆ ಬೌಲರ್‌ಗಳೆಲ್ಲರೂ ವಿಫಲರಾದರು ಎಂದೇ ಅರ್ಥ. ಆದರೆ ಆ ರಾತ್ರಿ ಜಾಲತಾಣಗಳಲ್ಲಿ ಬೈಗುಳದ ಮಳೆ ಸುರಿದದ್ದು ಮುಹಮ್ಮದ್ ಶಮಿಯ ಮೇಲೆ. ಹದಿನಾಲ್ಕು ವರ್ಷ ಹಿಂದಿನ ಸಿನಿಮಾದ ಗೋಡೆಯ ಮೇಲಿನ ಆ ಪದವೇ ಮತ್ತೆ ಮೊಬೈಲ್ ಪರದೆಯ ಮೇಲೆ ಬಂತು.

ಆಗ ನನ್ನ ನಾದಿನಿಯ ಮಗ ಮಣಿಪಾಲದಲ್ಲಿ ಓದುತ್ತಿದ್ದ. ಪಂದ್ಯ ನೋಡಲೆಂದೇ ನಮ್ಮ ಮನೆಗೆ ಬಂದಿದ್ದ. ಸೋತದ್ದಕ್ಕೆ ನಮ್ಮೆಲ್ಲರಂತೆ ಅವನಿಗೂ ಹೊಟ್ಟೆ ಉರಿದಿತ್ತು. ಆಫ್ರಿದಿಯ ಚೆಂಡಿಗೆ ರಾಹುಲ್ ಔಟಾದಾಗ ರಿಮೋಟ್ ಎಸೆದವನೂ ಅವನೇ. ಮರುದಿನ ಬೆಳಿಗ್ಗೆ ತಿಂಡಿಗೆ ಕರೆದರೆ ಬರಲಿಲ್ಲ, ಮೊಬೈಲ್ ನೋಡುತ್ತಾ ಕುಳಿತಿದ್ದ. ಬಹಳ ಹೊತ್ತಿನ ಬಳಿಕ, “ಮಾಮಿ, ಇವತ್ತು ಕ್ಲಾಸಿನಲ್ಲಿ ನಾನು ಮೊದಲು ಮಾತಾಡಬೇಕಾ, ಅವರು ಕೇಳುವ ತನಕ ಕಾಯಬೇಕಾ?” ಎಂದ. ಏನು ಕೇಳುತ್ತಾರೆ ಎಂದು ನಾನು ವಿಚಾರಿಸಲಿಲ್ಲ. ನನಗೆ ಅರ್ಥವಾಗಿತ್ತು. ಅವನು ಹೋದ. ಯಾರೂ ಏನೂ ಕೇಳಲಿಲ್ಲವಂತೆ. ಪಕ್ಕದ ಬೆಂಚಿನವನು ಶಮಿಯನ್ನು ಬೈದವರನ್ನೇ ಬೈಯುತ್ತಿದ್ದನಂತೆ. ಸಂಜೆ ಫೋನಿನಲ್ಲಿ ಇದನ್ನು ಹೇಳುವಾಗ ಅವನ ಸ್ವರವೇ ಬೇರೆಯಾಗಿತ್ತು. ಆದರೆ ಬೆಳಿಗ್ಗೆ ಅವನು ಬಿಟ್ಟುಹೋದ ತಿಂಡಿಯ ತಟ್ಟೆಯನ್ನು ನಾನು ಮರೆತಿಲ್ಲ.

ಅದೇ ವಾರ, ಅಕ್ಟೋಬರ್ 30ರಂದು ನಾಯಕ ವಿರಾಟ್ ಕೊಹ್ಲಿ ಪತ್ರಕರ್ತರ ಮುಂದೆ ಶಮಿಯ ಪರ ನಿಂತರು. ಧರ್ಮದ ಹೆಸರಿನಲ್ಲಿ ಒಬ್ಬನ ಮೇಲೆ ದಾಳಿ ಮಾಡುವುದಕ್ಕಿಂತ ಹೀನವಾದದ್ದು ಬೇರಿಲ್ಲ ಎಂಬರ್ಥದ ಮಾತನ್ನು ಮುಚ್ಚುಮರೆಯಿಲ್ಲದೆ ಹೇಳಿದರು. ಎರಡು ವರ್ಷಗಳ ನಂತರ, 2023ರ ಏಕದಿನ ವಿಶ್ವಕಪ್‌ನಲ್ಲಿ ಮೊದಲ ನಾಲ್ಕು ಪಂದ್ಯಗಳಲ್ಲಿ ಹೊರಗೆ ಕುಳಿತಿದ್ದ ಶಮಿ ಆಮೇಲೆ 24 ವಿಕೆಟ್ ಪಡೆದು ಕೂಟದಲ್ಲೇ ಮೊದಲಿಗರಾದರು. ವಾಂಖೆಡೆಯ ಸೆಮಿಫೈನಲ್‌ನಲ್ಲಿ ನ್ಯೂಝಿಲ್ಯಾಂಡ್ ವಿರುದ್ಧ 57 ರನ್ನಿಗೆ 7 ವಿಕೆಟ್. ಆ ರಾತ್ರಿ ಎಲ್ಲರ ಸ್ಟೇಟಸ್‌ನಲ್ಲೂ ಶಮಿಯೇ. “ನೋಡಿದೆಯಾ, ಕ್ಲೈಮ್ಯಾಕ್ಸ್ ಸೇಮ್” ಎನ್ನುತ್ತಾನೆ ‘ಚಕ್ ದೇ’ ಪಕ್ಷದವನು. ‘ಇಕ್ಬಾಲ್’ ಪಕ್ಷದವನು ಬಿಡುವುದಿಲ್ಲ. ಏಳು ವಿಕೆಟ್ ಬಾರದಿದ್ದರೆ ಎಂದು ಕೇಳುತ್ತಾನೆ. ಅವನ ಪ್ರಶ್ನೆಗೆ ಉತ್ತರ ಕೊಡುವ ಸಿನಿಮಾ ಇನ್ನೂ ಬಂದಿಲ್ಲ ಎಂದು ನನಗನ್ನಿಸುತ್ತದೆ.

ಮಣಿಪಾಲದಲ್ಲಿ ಇದೇ ವಾದಕ್ಕೆ ಬೇರೆ ಬಣ್ಣ. 1953ರಲ್ಲಿ ಡಾ. ಟಿ.ಎಂ.ಎ. ಪೈಯವರು ಕಟ್ಟಿದ ವೈದ್ಯಕೀಯ ಕಾಲೇಜಿನಿಂದ ಆರಂಭವಾದ ಆ ಗುಡ್ಡದ ಮೇಲೆ ದೇಶದ ಎಲ್ಲ ಮೂಲೆಗಳ ಮಕ್ಕಳಿದ್ದಾರೆ. ಎಂಡ್ ಪಾಯಿಂಟ್ ಮೈದಾನದ ಬಳಿ ನಿಂತರೆ ಕ್ರಿಕೆಟ್‌ಗಿಂತ ಹೆಚ್ಚಾಗಿ ಫುಟ್‌ಬಾಲ್ ಮಾತು ಕಿವಿಗೆ ಬೀಳುತ್ತದೆ. ಕೇರಳದ ಹುಡುಗರ ಆಯ್ಕೆ ‘ಸುಡಾನಿ ಫ್ರಂ ನೈಜೀರಿಯಾ’. ಝಕರಿಯಾ ನಿರ್ದೇಶಿಸಿದ 2018ರ ಮಲಯಾಳಂ ಚಿತ್ರ. ನಾದಿನಿಯ ಮಗ ಇದನ್ನು ನನಗೆ ಒತ್ತಾಯ ಮಾಡಿ ತೋರಿಸಿದ. ಮಲಪ್ಪುರಂನ ಸೆವೆನ್ಸ್ ಫುಟ್‌ಬಾಲ್ ಆಡಲು ಬಂದ ನೈಜೀರಿಯಾದ ಹುಡುಗ ಗಾಯಗೊಂಡು ಮಲಗುತ್ತಾನೆ. ತಂಡದ ಮ್ಯಾನೇಜರ್ ಮಜೀದ್ ಅವನನ್ನು ತನ್ನ ಮನೆಗೆ ಕರೆತರುತ್ತಾನೆ. ಅವನ ಆರೈಕೆ ಮಾಡುವವರು ಮಜೀದನ ತಾಯಿ ಜಮೀಲಾ ಮತ್ತು ನೆರೆಮನೆಯ ಬೀಯುಮ್ಮ. ಇವರಿಗೆ ಅವನ ಭಾಷೆ ಬಾರದು, ಅವನಿಗೆ ಇವರದ್ದು ಬಾರದು. ಕಪ್ ಗೆಲ್ಲುವ ಕ್ಲೈಮ್ಯಾಕ್ಸ್ ಇಲ್ಲವೇ ಇಲ್ಲ. ಇದೆಂಥ ಕ್ರೀಡಾ ಚಿತ್ರ ಎಂದು ಉತ್ತರ ಭಾರತದ ಹುಡುಗರು ಗೇಲಿ ಮಾಡುತ್ತಾರಂತೆ. ಓದುಗರೇ, ನನ್ನ ಓಟು ಇದಕ್ಕೇ. ಆಡಲಾಗದೆ ಮಲಗಿದ ಆಟಗಾರನನ್ನು ಯಾವ ಚಿತ್ರವೂ ಇಷ್ಟು ಹೊತ್ತು ನೋಡುವುದಿಲ್ಲ. ಎರಡು ತಾಯಂದಿರ ಪಾತ್ರ ಮಾಡಿದ ಸಾವಿತ್ರಿ ಶ್ರೀಧರನ್ ಮತ್ತು ಸರಸಾ ಬಾಲುಶ್ಶೇರಿ ಮೊದಲಿನಿಂದಲೂ ನಾಟಕರಂಗದವರು. ಗಂಜಿ ಬಡಿಸುವ ಕೈಯಲ್ಲೂ ನಟನೆ ಎಂದು ಅನ್ನಿಸುವುದಿಲ್ಲ.

ಕಾರ್ಕಳದ ಅಭಿಮಾನಿಗಳ ದೂರು ಇನ್ನೊಂದು. ಅಲ್ಲಿ ಕಬಡ್ಡಿ, ಕಂಬಳ ಎರಡೂ ಉಂಟು. ‘ಕಾಂತಾರ’ ಬಂದಾಗ ಮಿಯಾರಿನ ಕಂಬಳ ನೋಡಿ ಬೆಳೆದವರು ರಿಷಬ್ ಶೆಟ್ಟಿಯವರ ಓಟವನ್ನು ಹಿಂದೆ ಮುಂದೆ ಎಳೆದು ಪರೀಕ್ಷಿಸಿದರು. ಹೆಚ್ಚಿನವರು ಪಾಸು ಮಾಡಿದರು. ಬಜಗೋಳಿಯ ನಿಶಾಂತ್ ಶೆಟ್ಟಿ 2020ರಲ್ಲಿ ಕೆಸರುಗದ್ದೆಯಲ್ಲಿ ಓಡಿದ್ದನ್ನು 100 ಮೀಟರ್‌ಗೆ ಲೆಕ್ಕ ಹಾಕಿದರೆ 9.51 ಸೆಕೆಂಡ್ ಎಂದು ಪತ್ರಿಕೆಗಳು ಬರೆದ ಮೇಲೆ ಅವರಿಗೆ ಸಿನಿಮಾದ ಹೀರೋ ದೊಡ್ಡದಲ್ಲ. ಕೋಣಗಳು ಎಳೆಯುವ ಓಟಕ್ಕೂ ಟ್ರ್ಯಾಕ್ ಓಟಕ್ಕೂ ಹೋಲಿಕೆ ಸಲ್ಲದು ಎಂದರೆ ಮಾತ್ರ ಅವರು ಸಿಟ್ಟಾಗುತ್ತಾರೆ.

ಕಬಡ್ಡಿಯ ವಿಷಯದಲ್ಲಿ ಅವರ ದೂರು ನ್ಯಾಯವಾದದ್ದು. ತಮಿಳು, ತೆಲುಗು, ಕನ್ನಡ, ಹಿಂದಿ ಎಲ್ಲದರಲ್ಲೂ ಕಬಡ್ಡಿ ಚಿತ್ರಗಳು ಬಂದಿವೆ. 2020ರ ‘ಪಂಗಾ’ ಮದುವೆ, ಮಗುವಿನ ನಂತರ ಮರಳಿ ಅಂಕಣಕ್ಕಿಳಿಯುವ ಗೃಹಿಣಿಯ ಕಥೆ. ಆದರೆ ಕಾರ್ಕಳ ತಾಲೂಕಿನ ಹೆರ್ಮುಂಡೆಯ ರೈತ ಕುಟುಂಬದ ಮಮತಾ ಪೂಜಾರಿ 2012ರಲ್ಲಿ ಪಾಟ್ನಾದಲ್ಲಿ ಮಹಿಳೆಯರ ಮೊದಲ ಕಬಡ್ಡಿ ವಿಶ್ವಕಪ್ ಗೆದ್ದ ಭಾರತ ತಂಡದ ನಾಯಕಿ. 2010 ಮತ್ತು 2014ರ ಏಷ್ಯನ್ ಗೇಮ್ಸ್ ಚಿನ್ನ ಗೆದ್ದ ತಂಡಗಳಲ್ಲಿದ್ದರು, ಅರ್ಜುನ ಪ್ರಶಸ್ತಿಯೂ ಬಂತು. ಸ್ವರಾಜ್ ಮೈದಾನದ ಅಂಚಿನಲ್ಲಿ ಹುಡುಗರು ಯಾವ ನಟ ಯಾವ ಪಾತ್ರ ಮಾಡಬೇಕು ಎಂದು ಜಗಳವಾಡುವಾಗ ಅವರ ಹೆಸರು ಬರುವುದು ಕೊನೆಗೆ. ಹುಡುಗಿಯರು ಆ ಅಂಚಿನಲ್ಲಿ ಕುಳಿತುಕೊಳ್ಳುವುದೇ ಇಲ್ಲವಲ್ಲ. ಅವರ ವಾದ ನಡೆಯುವುದು ಬಸ್ಸಿನಲ್ಲಿ, ಟ್ಯೂಷನ್‌ನಿಂದ ಮರಳುವ ದಾರಿಯಲ್ಲಿ. ಒಂಬತ್ತನೇ ತರಗತಿಯ ನನ್ನ ಮಗಳಿಗೆ ‘ಚಕ್ ದೇ’ ಚಿತ್ರದ ಹದಿನಾರು ಹುಡುಗಿಯರ ಹೆಸರೂ ಬಾಯಿಪಾಠ. ಶಾರುಕ್ ಬಗ್ಗೆ ಕೇಳಿದರೆ, “ಅವರು ಕೋಚ್ ಅಲ್ವಾ ಉಮ್ಮ, ಗೋಲು ಹೊಡೆದದ್ದು ಇವರು” ಎನ್ನುತ್ತಾಳೆ. ಇಪ್ಪತ್ತು ವರ್ಷಗಳಿಂದ ಹುಡುಗರು ಮಾಡುತ್ತಿರುವ ವಾದದಲ್ಲಿ ಈ ಮಾತು ಒಮ್ಮೆಯೂ ಬಂದಿಲ್ಲ.

ಕಳೆದ ತಿಂಗಳು ಕಾಪುವಿನಲ್ಲಿ ಅವಳೊಂದಿಗೆ ಕುಳಿತಿದ್ದೆ. ಪಕ್ಕದಲ್ಲಿ ಅಂಡರ್ ಆರ್ಮ್ ಪಂದ್ಯ. ಕೊನೆಯ ಚೆಂಡಿಗೆ ಮೇಲೆದ್ದ ಸುಲಭದ ಕ್ಯಾಚನ್ನು ಒಬ್ಬ ಬಡಕಲು ಹುಡುಗ ಬಿಟ್ಟುಬಿಟ್ಟ. ತಂಡ ಸೋತಿತು. ಅವನು ಚೆಂಡು ಹೆಕ್ಕಲು ನೀರಿನ ಕಡೆ ನಡೆದು ಅಲ್ಲೇ ನಿಂತ, ಹಿಂದಿರುಗಿ ಬರಲಿಲ್ಲ. ಇತ್ತ ಚುರುಮುರಿಯ ಪೊಟ್ಟಣ ಬಿಚ್ಚಿತ್ತು, ಧೋನಿಯ ಪಾತ್ರ ಮಾಡಿದ ಸುಶಾಂತ್ ಸಿಂಗ್ ಮೇಲೋ, ಕಪಿಲ್ ದೇವ್ ಆದ ರಣವೀರ್ ಸಿಂಗ್ ಮೇಲೋ ಎಂಬ ಜಗಳ ಆಗಲೇ ಹತ್ತಿಕೊಂಡಿತ್ತು. ಗುಂಪಿನಿಂದ ಒಬ್ಬ ಎದ್ದು ಕಡಲ ಕಡೆ ತಿರುಗಿ ಕೂಗಿದ:

“ಏ, ಬಾ ಮಾರಾಯ, ನೀನು ಹೇಳು, ಯಾರು ಮೇಲು?”